ಬೆವರದ ಹುಡುಗಿ ಮತ್ತು ತಂಪು ನಿಂತ ಕಾರು

"ಅಪ್ಪಾರ, ಇನ್ನೇನು ಸೇವಾ ಮಾಡ್ಲಿ?" ಎಂದು ಬಂಡೆಪ್ಪ ಗುರುಗಳ ಕಾಲೊತ್ತುತ್ತಾ ಕೇಳಿದ.

ಬಂಡೆಪ್ಪ ಮಠದ ಹಳೆಯ ಶಿಷ್ಯ. ಬೆಳಕು ಹರಿಯುವ ಮೊದಲೇ ಬಂದು ಅಂಗಳ ಗುಡಿಸುತ್ತಿದ್ದ, ಪೂಜೆಗೆ ಹೂ ಬಿಡಿಸುತ್ತಿದ್ದ, ಗುರುಗಳ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ. ಮಧ್ಯಾಹ್ನ ಬಂದವರಿಗೆ ಬಡಿಸುವವನೂ ಅವನೇ, ಸಂಜೆ ಗುರುಗಳ ಕಾಲೊತ್ತುವವನೂ ಅವನೇ. ಅವನಿಗೊಂದು ಮನೆಯಿತ್ತು. ಮನೆಯಲ್ಲಿ ಹೆಂಡತಿ ಇದ್ದಳು, ಬೆಳೆದ ಮಗನಿದ್ದ.

"ಹೆಂಡ್ತಿ ಮಾತು ಬಿಟ್ಟಾಳ್ರಿ. ಮಗ ನನ್ನ ಕಂಡ್ರ ಎದ್ದು ಹೊರಗ ಹೋಗ್ತಾನ. ಮನಿ ಅನ್ನೋದು ಕಾದ ಹಂಚಾಗ್ಯದ. ನಾನೂ ವರ್ಷದಿಂದ ವರ್ಷಕ್ಕ ಸೇವಾ ಹೆಚ್ಚು ಮಾಡ್ಕೋತ ಬಂದೀನಿ. ಮನಿ ಮಾತ್ರ ತಣ್ಣಗ ಆಗವಲ್ದು. ಇನ್ನೂ ಏನರ ಕಡಿಮಿ ಬಿದ್ದಿದ್ರ ನೀವೇ ಹೇಳ್ರಿ, ಮಾಡ್ತೀನಿ."

ಗುರುಗಳು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ಬಂಡೆಪ್ಪ ಅಂದುಕೊಂಡ. ಅಷ್ಟರಲ್ಲಿ ಅವರು ಕಣ್ಣು ತೆರೆಯದೆಯೇ ಕೇಳಿದರು:

"ಕಾರಿನ ಎಸಿ ತಂಪು ಕೊಡುವುದನ್ನು ನಿಲ್ಲಿಸಿದರೆ ಏನು ಮಾಡುತ್ತಾರೆ, ಬಂಡೆಪ್ಪಾ?"

ಬಂಡೆಪ್ಪನ ಬಳಿ ಇದ್ದದ್ದು ಒಂದು ಸೈಕಲ್ಲು. "ಮೆಕ್ಯಾನಿಕ್ ಕಡೆ ಒಯ್ತಾರ್ರಿ" ಎಂದ.

"ಒಬ್ಬ ಒಯ್ದಿದ್ದ. ಕೇಳು" ಎಂದು ಗುರುಗಳು ಕತೆ ಹೇಳತೊಡಗಿದರು.

ಬಿಸಿಲು ನಾಡಿನ ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ತನ್ನದೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಅವನಿಗೆ ಒಬ್ಬಳೇ ಮಗಳು, ಭಾಗ್ಯವಂತಿ. ಎಲ್ಲರೂ ಭಾಗೂ ಎಂದು ಕರೆಯುತ್ತಿದ್ದರು. ಆ ಹುಡುಗಿಗೆ ಹುಟ್ಟಿನಿಂದಲೇ ಬೆವರು ಬರುತ್ತಿರಲಿಲ್ಲ.

ನಾವು ಬೆವರಿದರೆ ಗೊಣಗುತ್ತೇವೆ. ಅಂಗಿ ಅಂಟಿತು, ವಾಸನೆ ಬಂತು ಎನ್ನುತ್ತೇವೆ. ಬೆವರು ಬಾರದ ಮೈ ಕಿಟಕಿಯಿಲ್ಲದ ಮನೆಯ ಹಾಗೆ, ಒಳಗೆ ಸೇರಿದ ಸೆಕೆಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಹುಡುಗಿಯನ್ನು ನೋಡಿ, "ಇದಕ್ಕೆ ಔಷಧಿಯಿಲ್ಲ. ಇವಳನ್ನು ಯಾವಾಗಲೂ ತಂಪಿನಲ್ಲಿ ಇಡಿ. ಮೈ ಕಾದರೆ ಜೀವಕ್ಕೆ ಅಪಾಯ" ಎಂದರು.

ಹೇಳುವುದು ಸುಲಭ. ಆ ಊರಿನಲ್ಲಿ ಬೇಸಿಗೆ ಬಂದರೆ ಗೋಡೆ ಮುಟ್ಟಿದರೂ ಕೈ ಚುರುಗುಟ್ಟುತ್ತದೆ. ಕರೆಂಟು ಇದ್ದಾಗ ಕೂಲರ್ ಹಾಕುತ್ತಿದ್ದರು, ಇಲ್ಲದಾಗ ತಾಯಿ ಒದ್ದೆ ಬಟ್ಟೆ ಹೊದಿಸಿ ಬೀಸಣಿಗೆ ಹಿಡಿಯುತ್ತಿದ್ದಳು. ಮಧ್ಯಾಹ್ನವಾದರೆ ಕರೆಂಟು ಹೋಗುವುದು ಗ್ಯಾರಂಟಿ. ಆ ಹೊತ್ತಿಗೆ ಡ್ರೈವರ್ ಬಾಡಿಗೆ ಬಿಟ್ಟು ಮನೆಗೆ ಬರುತ್ತಿದ್ದ. ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬೇವಿನ ಮರದ ಕೆಳಗೆ ನಿಲ್ಲಿಸಿ, ಗಾಜು ಏರಿಸಿ ಎಸಿ ಹಾಕುತ್ತಿದ್ದ. ತಾನು ಮುಂದೆ ಕುಳಿತು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದ. ಕೆಂಪಗಿದ್ದ ಮುಖ ಮೆಲ್ಲಗೆ ತಿಳಿಯಾಗುತ್ತಿತ್ತು. ಹುಡುಗಿ ನಿದ್ದೆ ಹೋಗುತ್ತಿದ್ದಳು.

ಆ ತಂಪಿನಲ್ಲಿ ಅವಳಿಗೆ ಕನಸುಗಳು ಬೀಳುತ್ತಿದ್ದವು. ಒಂದು ದಿನ ಎದ್ದವಳೇ ಹೇಳಿದಳು: "ಅಪ್ಪಾ, ಕನಸಿನ್ಯಾಗ ನನಗ ಬೆವರು ಬಂದಿತ್ತು. ನಾಲಿಗಿಗೆ ಹಚ್ಚಿ ನೋಡ್ದೆ. ಉಪ್ಪುಪ್ಪಗಿತ್ತು."

ಡ್ರೈವರ್ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತ. ಬೇರೆಯವರ ಮಕ್ಕಳು ಮಿಠಾಯಿಯ ಕನಸು ಕಾಣುತ್ತವೆ, ಅವನ ಮಗಳು ಬೆವರಿನ ಕನಸು ಕಾಣುತ್ತಿದ್ದಳು.

ಈ ತಂಪು ತನ್ನದಲ್ಲ, ದೇವರು ಕೊಟ್ಟದ್ದು ಎಂದು ಅವನು ನಂಬಿದ. ನಂಬಿದ್ದು ತಪ್ಪೆಂದು ನಾನೇನೂ ಹೇಳುವುದಿಲ್ಲ. ಮನೆದೇವರ ಮುಖವಿದ್ದ ಅಗಲವಾದ ಹಿತ್ತಾಳೆಯ ತಗಡೊಂದನ್ನು ಮಾಡಿಸಿದ. ಕಾರಿನ ಮೂತಿಯಲ್ಲಿ, ಎರಡು ದೀಪಗಳ ನಡುವೆ ಜಾಲರಿ ಇರುತ್ತದಲ್ಲ, ಅದರ ಮೇಲೆ ಆ ತಗಡನ್ನು ತಂತಿಯಿಂದ ಬಿಗಿದ. ದಿನಾ ಬೆಳಿಗ್ಗೆ ಅದಕ್ಕೊಂದು ಚೆಂಡುಹೂವಿನ ಹಾರ ಹಾಕತೊಡಗಿದ. ಒಂದು ದಿನವೂ ಹಾರ ತಪ್ಪಿಸುವುದಿಲ್ಲ, ಈ ತಗಡನ್ನು ಇಲ್ಲಿಂದ ಕದಲಿಸುವುದಿಲ್ಲ, ನನ್ನ ಮಗಳನ್ನು ಉಳಿಸು ಎಂದು ಹರಕೆ ಹೊತ್ತ.

ನಿನ್ನೆಯ ಹಾರವನ್ನು ಏನು ಮಾಡಬೇಕು? ದೇವರ ಮೈಯಿಂದ ಇಳಿದ ಹೂವು ನಿರ್ಮಾಲ್ಯ. ಅದು ಯಾರ ಕಾಲಿಗೂ ಸಿಗಬಾರದು, ಹರಿಯುವ ನೀರಿಗೇ ಬಿಡಬೇಕು. ಡ್ರೈವರ್ ಒಣಗಿದ ಹಾರವನ್ನು ತಗಡಿನ ಹಿಂದೆ, ಜಾಲರಿಯ ಸಂದಿಗೆ ತುರುಕಿಡುತ್ತಿದ್ದ. ಅಲ್ಲಿ ಯಾರೂ ತುಳಿಯುವುದಿಲ್ಲವಲ್ಲ! ಹೊಳೆಯ ಸೇತುವೆ ದಾಟುವ ದಿನ ಎಲ್ಲವನ್ನೂ ತೆಗೆದು ನೀರಿಗೆ ಬಿಡುತ್ತಿದ್ದ. ಆದರೆ ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ. ದೇವರ ಹೂವನ್ನು ಬರಿಯ ಮರಳಿಗೆ ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಮಳೆಗಾಲ ಬರಲಿ ಎಂದುಕೊಂಡು ಒಳಕ್ಕೇ ಒತ್ತುತ್ತಾ ಹೋದ.

ಒಂದು ಮಧ್ಯಾಹ್ನ ಎಸಿ ತಂಪು ನಿಲ್ಲಿಸಿತು. ಗಾಳಿ ಬರುತ್ತಿತ್ತು, ಆದರೆ ಬಿಸಿ ಗಾಳಿ. ಹುಡುಗಿ ಹೊರಳಾಡತೊಡಗಿದಳು. ಏನೂ ತೋಚದೆ ಡ್ರೈವರ್ ಕಾರನ್ನು ಓಡಿಸಿದ. ಓಡಿದಂತೆ ತಂಪು ಮರಳಿತು. ಮತ್ತೆ ಮರದ ಕೆಳಗೆ ನಿಲ್ಲಿಸಿದ, ಮತ್ತೆ ಬಿಸಿ.

ನಿಂತಾಗ ಬಿಸಿ, ಓಡಿದಾಗ ತಂಪು. ಯಂತ್ರ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನಿಂದ ಗಾಳಿ ಸಾಲುತ್ತಿಲ್ಲ ಎಂದು ತಿಳಿಯುತ್ತದೆ. ನಮ್ಮ ಡ್ರೈವರ್ ಅದಕ್ಕೆ ಬೇರೆಯೇ ಅರ್ಥ ಹಚ್ಚಿದ. ದೇವರಿಗೆ ನಿಂತು ನಿಂತು ಬೇಸರವಾಗಿದೆ, ಮೆರವಣಿಗೆ ಬೇಕಾಗಿದೆ ಎಂದುಕೊಂಡ. ನಗಬೇಡ ಬಂಡೆಪ್ಪಾ. ಮಗುವಿನ ಜೀವ ಕೈಯಲ್ಲಿ ಹಿಡಿದವನಿಗೆ ಏನು ಬೇಕಾದರೂ ಹೊಳೆಯುತ್ತದೆ.

ಅಂದಿನಿಂದ ಅವನು ಮಧ್ಯಾಹ್ನವೆಲ್ಲ ಕಾರು ಓಡಿಸಿದ. ಎಲ್ಲಿಗೆ ಎಂದರೆ ಎಲ್ಲಿಗೂ ಅಲ್ಲ. ಊರ ಹೊರಗಿನ ರಸ್ತೆಯಲ್ಲಿ ಹೋಗುವುದು, ಬಯಲಿನ ನಡುವೆ ತಿರುಗುವುದು, ಬರುವುದು. ತೊಗರಿ ಕಿತ್ತ ಹೊಲಗಳು ಎರಡೂ ಬದಿಗೆ ಬೆತ್ತಲಾಗಿ ಮಲಗಿರುತ್ತಿದ್ದವು. ರಸ್ತೆಯ ತುದಿಯಲ್ಲಿ ನೀರು ನಿಂತಂತೆ ಕಾಣುತ್ತಿತ್ತು. ಕಾರು ಹತ್ತಿರ ಹೋದಂತೆ ಆ ನೀರು ಹಿಂದೆ ಸರಿಯುತ್ತಿತ್ತು. ರಸ್ತೆಯಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಹುಡುಗಿ ಉಸಿರಾಡುವ ಸದ್ದು, ಮುಂದೆ ಎಸಿಯ ಸಣ್ಣ ಗುಂಯ್ ಸದ್ದು, ಇವೆರಡೇ ಅವನಿಗೆ ಕೇಳುತ್ತಿದ್ದವು. ತಾನು ಎಚ್ಚರವಾಗಿದ್ದೇನೆಯೋ ಮಗಳ ಕನಸಿನೊಳಗೆ ಕಾರು ಓಡಿಸುತ್ತಿದ್ದೇನೆಯೋ ಎಂದು ಎಷ್ಟೋ ಸಲ ಅವನಿಗೇ ತಿಳಿಯುತ್ತಿರಲಿಲ್ಲ. ಹಾಗೇ ಓಡುತ್ತಾ ಇದ್ದರೆ ಬೇಸಿಗೆ ಮುಗಿದೇ ಹೋಗುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ಅವನು ಸುಖವಾಗಿದ್ದ.

ಹೂವು ಒಳಗೆ ತುಂಬುತ್ತಲೇ ಇತ್ತು. ಸ್ವಲ್ಪ ದಿನದಲ್ಲಿ ಓಡಿದಾಗಲೂ ತಂಪು ಕಡಿಮೆಯಾಯಿತು.

ಆಗ ಮೆಕ್ಯಾನಿಕ್ ಬಳಿಗೆ ಹೋದ. ಮೆಕ್ಯಾನಿಕ್ ಮೊದಲು ಹಿತ್ತಾಳೆಯ ದೇವರನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಬಾನೆಟ್ ಎತ್ತಿ, ಮೇಲಿನಿಂದ ಕೈಹಾಕಿ, "ಗ್ಯಾಸ್ ಕಡಿಮಿ ಆಗಿರ್ತದ" ಎಂದು ಗ್ಯಾಸ್ ತುಂಬಿದ. ಸರಿಹೋಗಲಿಲ್ಲ. ಗ್ಯಾಸ್ ಹೆಚ್ಚಾಗಿ ಯಂತ್ರ ಮತ್ತಷ್ಟು ಬೇಗ ಕಾದು ತಾನೇ ನಿಂತುಬಿಡುತ್ತಿತ್ತು. ಇನ್ನೊಬ್ಬನ ಬಳಿಗೆ ಹೋದ. ಅವನೂ ಮೊದಲು ದೇವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಆಮೇಲೆ ಒಳಗಿನ ಫಿಲ್ಟರ್ ಬದಲಿಸಿದ. ಅದೂ ಆಗಲಿಲ್ಲ. ಕೊನೆಗೆ ಹೋದದ್ದು ಸಾಬರ ಗ್ಯಾರೇಜಿಗೆ. ಆ ಮನುಷ್ಯ ಒಳ್ಳೆಯ ಕೆಲಸಗಾರ. ಬೆಲ್ಟ್ ನೋಡಿದ, ವೈರ್ ನೋಡಿದ, ಬಗ್ಗಿ ಕಾರಿನ ಮೂತಿಯನ್ನೂ ನೋಡಿದ. ನೋಡಿ ಎದ್ದು ನಿಂತು ಹೇಳಿದ:

"ಇದರ ಹಿಂದ ಒಂದು ಸಲ ನೋಡಬೇಕಿತ್ತಣ್ಣಾ. ಆದ್ರ ಇದು ದೇವ್ರ ಜಾಗಾ. ನಾ ಹೆಂಗ ಬಿಚ್ಚಲಿ?"

"ಬ್ಯಾಡ ಬ್ಯಾಡ, ಅದಕ್ಕ ಕೈ ಹಚ್ಚಬ್ಯಾಡ" ಎಂದು ಡ್ರೈವರ್ ಗಾಬರಿಯಿಂದ ಕಾರು ತಿರುಗಿಸಿಕೊಂಡು ಬಂದ.

ಎಲ್ಲರೂ ಮರ್ಯಾದಸ್ಥರೇ, ನೋಡು. ಯಾರೂ ಕೆಟ್ಟವರಲ್ಲ. ಎಲ್ಲರೂ ಬಾಗಿ, ನಮಸ್ಕಾರ ಮಾಡಿ, ಪಕ್ಕದಿಂದ ಹೋದರು.

ಮನೆಗೆ ಬಂದ ಡ್ರೈವರ್ ತನ್ನದೇ ತಪ್ಪು ಹುಡುಕಿದ. ಹಾರ ತೆಳುವಾಯಿತೇನೋ ಎಂದು ದಪ್ಪ ಹಾರ ಕಟ್ಟಿಸಿದ. ಅದೂ ಸಾಲದೆ ತಗಡಿನ ಎರಡೂ ಅಂಚಿಗೆ ಕೆಂಪು ವಸ್ತ್ರ ಸುತ್ತಿದ. ತಂಪು ಕಡಿಮೆಯಾದಷ್ಟೂ ಹೂವು ಹೆಚ್ಚಾಯಿತು. ಪಾಪ, ಅವನ ಪ್ರೀತಿಯಲ್ಲಿ ಒಂದು ಎಳೆಯಷ್ಟೂ ಸುಳ್ಳಿರಲಿಲ್ಲ.

ಕೊನೆಗೆ, ಮನೆದೇವರ ಗುಡಿಗೇ ಹೋಗಿ ಬೇಡಿಕೊಳ್ಳೋಣ ಎಂದು ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಹೊರಟ. ಬೆಳಿಗ್ಗೆಯೇ ಹೊರಟರೂ ದಾರಿಯಲ್ಲಿ ಬಿಸಿಲು ಏರಿತು. ಜೋರಾಗಿ ಓಡಿಸಿದರೆ ಅಷ್ಟಿಷ್ಟು ತಂಪು ಬರುತ್ತಿತ್ತು, ಹುಡುಗಿ ಅದರಲ್ಲೇ ತಡೆದುಕೊಂಡಿದ್ದಳು. ಮುಂದೆ ರೈಲ್ವೆ ಗೇಟು ಬಂತು. ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯೊಂದು ಹಳಿಯ ಮೇಲೆ ಬಂದು, ಅಡ್ಡಲಾಗಿ ನಿಂತುಬಿಟ್ಟಿತು. ಹಿಂದೆ ಲಾರಿ, ಪಕ್ಕದಲ್ಲಿ ಟ್ರ್ಯಾಕ್ಟರ್. ಮುಂದೆಯೂ ಹೋಗುವಂತಿಲ್ಲ, ಹಿಂದೆಯೂ ತಿರುಗಿಸುವಂತಿಲ್ಲ.

ಕಾರು ನಿಂತಿತು. ತಂಪೂ ನಿಂತಿತು.

ತಾಯಿ ಬಾಟಲಿಯ ನೀರನ್ನು ಮಗಳ ತಲೆಗೆ ಹಾಕಿದಳು, ಸೆರಗು ನೆನೆಸಿ ಎದೆಗೆ ಒತ್ತಿದಳು. ನೀರು ಮುಗಿಯಿತು. ಹುಡುಗಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಅವಳು ಮಾತು ಬಿಟ್ಟಳು. ಡ್ರೈವರ್ ಕೆಳಗಿಳಿದು ಕಾರಿನ ಮುಂದೆ ಹೋಗಿ ನಿಂತ. ದೇವರ ಎದುರು ಕೈ ಮುಗಿದ. ಬಿಸಿಲು ನೆತ್ತಿಯ ಮೇಲಿತ್ತು. ಕಾರು, ಗೇಟು, ಗೂಡ್ಸ್ ಗಾಡಿ ಎಲ್ಲವೂ ನೀರಿನೊಳಗೆ ಇದ್ದಂತೆ ಅಲುಗಾಡುತ್ತಿದ್ದವು. ಅವನು ಬೇಡಿದ. ಹಿತ್ತಾಳೆಯ ಮುಖ ಅವನನ್ನು ನೋಡುತ್ತಲೇ ಇತ್ತು.

ಆಗ ಅವನಿಗೆ ಒಂದು ವಿಷಯ ಕಂಡಿತು. ಅಷ್ಟು ದೊಡ್ಡ ಹಾರದಲ್ಲಿ ಒಂದು ಎಸಳೂ ಅಲುಗುತ್ತಿರಲಿಲ್ಲ. ತಗಡಿನ ಒಂದು ಮೂಲೆಯಲ್ಲಿ ಮಾತ್ರ, ಬಟ್ಟೆ ಸ್ವಲ್ಪ ಸರಿದು ಬೆರಳಗಲದ ಸಂದಿಯಿತ್ತು. ಅಲ್ಲಿ ಹಾರದ ದಾರದ ತುದಿ ಒಳಗಿನ ಸೆಳೆತಕ್ಕೆ ಸಿಕ್ಕಿ ಪಟಪಟ ನಡುಗುತ್ತಿತ್ತು. ಅವನು ಅಂಗೈ ಹಿಡಿದ. ಅಂಗೈಯನ್ನೂ ಒಳಗಿನ ಫ್ಯಾನು ಎಳೆಯಿತು. ಉಳಿದ ಕಡೆ ಕೈಯಿಟ್ಟ. ಎಲ್ಲಿಯೂ ಏನೂ ಇಲ್ಲ. ಇಡೀ ಕಾರು ಆ ಬೆರಳಗಲದ ಜಾಗದಿಂದ ಉಸಿರು ತೆಗೆದುಕೊಳ್ಳುತ್ತಿತ್ತು.

ಅವನಿಗೆ ಅರ್ಥವಾಯಿತು. ಅರ್ಥವಾದರೂ ಕೈ ಮೇಲೇಳಲಿಲ್ಲ. ಈ ತಗಡಿನ ಬಲದಿಂದಲೇ ಮಗಳು ಇಷ್ಟು ದಿನ ಉಳಿದಿದ್ದಾಳೆ ಎಂದು ನಂಬಿದವನು ಅವನು. ಇದನ್ನು ಕಿತ್ತರೆ ಹರಕೆ ಮುರಿಯುತ್ತದೆ. ಹರಕೆ ಮುರಿದರೆ ಮಗಳು ಹೋಗುತ್ತಾಳೆ. ಕೀಳದಿದ್ದರೂ ಹೋಗುತ್ತಾಳೆ. ಅವನು ಕಲ್ಲಿನಂತೆ ನಿಂತ.

"ರೀ! ಭಾಗೂ ಕಣ್ಣು ತೆರೀವಲ್ಳು!" ಎಂದು ಹೆಂಡತಿ ಒಳಗಿನಿಂದ ಚೀರಿದಳು.

ಡ್ರೈವರ್ ತಗಡಿಗೆ ಎರಡೂ ಕೈ ಹಾಕಿ ಎಳೆದ. ತಂತಿ ಹರಿಯಿತು. ಹಾರ ಹರಿದು ಹೂವು ಚೆಲ್ಲಿತು. ಹಿಂದೆ, ಜಾಲರಿಯ ಒಳಗೆ, ಒಂದು ಬೇಸಿಗೆಯ ಹೂವೆಲ್ಲ ಒಣಗಿ, ಧೂಳು ಕುಡಿದು, ಕಂಬಳಿಯಂತೆ ಗಟ್ಟಿಯಾಗಿ ಕುಳಿತಿತ್ತು. ಎಸಿಯ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟುಕೊಡುವ ಸಣ್ಣ ತಗಡಿನ ಎಲೆಗಳು ಇರುವುದು ಅಲ್ಲಿಯೇ. ಅವನು ಬೆರಳು ಹಾಕಿ ಕಿತ್ತ. ಎಲೆಗಳು ಬ್ಲೇಡಿನ ಹಾಗೆ ಕೊಯ್ದವು, ಬೆರಳಿಂದ ರಕ್ತ ಸುರಿಯಿತು. ಹೂವು ರಾಶಿರಾಶಿಯಾಗಿ ರಸ್ತೆಗೆ ಬಿತ್ತು. ಅವನ ಕಾಲೇ ಅದನ್ನು ತುಳಿಯಿತು.

"ಏ ಮಾರಾಯಾ, ದೇವ್ರ ಹೂವು ಅದು! ತುಳೀಲಾಕತ್ತಿಯಲ್ಲ!" ಎಂದು ಟ್ರ್ಯಾಕ್ಟರಿನವನು ಕೂಗಿದ.

"ಪಾಪ ಬಂದ್ರ ನನಗ ಬರ್ಲಿ ಬಿಡು" ಎಂದ ಡ್ರೈವರ್. ಅಳುತ್ತಾ ಹೇಳಿದ, ಕೈ ಮಾತ್ರ ನಿಲ್ಲಿಸಲಿಲ್ಲ.

ಜಾಲರಿ ಬಯಲಾದಾಗ ಫ್ಯಾನಿನ ಸದ್ದೇ ಬದಲಾಯಿತು. ಗಾಳಿ ಒಳಕ್ಕೆ ಹೋಯಿತು. ಕಾರಿನೊಳಗೆ ಮೊದಲು ಬಿಸಿ ಕಡಿಮೆಯಾಯಿತು, ಆಮೇಲೆ ತಂಪು ಬಂತು. ಕಾರು ನಿಂತಲ್ಲೇ ನಿಂತಿತ್ತು, ತಂಪು ಬರುತ್ತಲೇ ಇತ್ತು. ತಾಯಿ ಹುಡುಗಿಯ ಮುಖವನ್ನು ಗಾಳಿಗೆ ಹಿಡಿದಳು. ತುಂಬಾ ಹೊತ್ತಿನ ಮೇಲೆ ಹುಡುಗಿ ಕಣ್ಣು ತೆರೆದಳು. ಅಪ್ಪ ಮುಂದಿನ ಸೀಟಿನ ಮೇಲೆ ಇಟ್ಟಿದ್ದ ತಗಡನ್ನು ನೋಡಿದಳು. ಹಿತ್ತಾಳೆಯ ದೇವರು ಎಸಿಯ ಎದುರಿಗೇ ಒರಗಿ ಕುಳಿತಿದ್ದ.

"ದೇವ್ರಿಗೂ ಸೆಕಿ ಆಗಿತ್ತೇನಪ್ಪಾ?" ಎಂದು ಕೇಳಿದಳು.

ಡ್ರೈವರಿಗೆ ನಗು ಅಳು ಎರಡೂ ಒಟ್ಟಿಗೇ ಬಂದವು. "ಹೌದವ್ವಾ, ಭಾಳ ಸೆಕಿ ಆಗಿತ್ತು" ಎಂದ. ಗೇಟು ತೆರೆದ ಮೇಲೆ ಗುಡಿಯ ದಾರಿ ಬಿಟ್ಟು ಸೀದಾ ಆಸ್ಪತ್ರೆಗೆ ಹೋದ. ಹುಡುಗಿ ಉಳಿದಳು.

ಗುರುಗಳು ಕತೆ ನಿಲ್ಲಿಸಿದರು. ಬಂಡೆಪ್ಪ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ:

"ಕತಿ ತಿಳೀತ್ರಿ ಅಪ್ಪಾರ. ಆದ್ರ ನನ್ನ ಮನ್ಯಾಗ ಅಂಥಾದ್ದು ಅಡ್ಡ ಏನದ ಅಂತ ತಿಳೀವಲ್ದು. ಕುಡಿಯೋ ಚಟ ಇಲ್ಲ, ಇಸ್ಪೇಟ್ ಇಲ್ಲ, ಯಾರ ಜೊತಿ ಜಗಳಿಲ್ಲ. ಹೊತ್ತು ಹುಟ್ಟೋಕಿಂತ ಮೊದಲ ನಿಮ್ಮ ಪಾದದ ಹತ್ರ ಬರ್ತೀನಿ. ಎಲ್ಲಾರೂ ಮಲಗಿದ ಮ್ಯಾಲ ಮನಿಗೆ ಹೋಗ್ತೀನಿ. ನನ್ನ ಹೆಂಡ್ತಿ ಮಗನೂ ಇದಕ್ಕೊಂದು ದಿನಾನೂ ಬ್ಯಾಡ ಅಂದಿಲ್ಲ. ಗುರುಗಳ ಸೇವಾ ಅಂದ್ರ ಕೈ ಮುಗಿದು ಸುಮ್ಮನಾಗ್ತಾರ. ಮತ್ತ ನಾ ಏನು ಕೀಳಬೇಕು, ನೀವೇ ಹೇಳ್ರಿ."

ಗುರುಗಳು ಈಗ ಕಣ್ಣು ತೆರೆದರು. ಬಂಡೆಪ್ಪನ ಕೈ ರೂಢಿಯಂತೆ ಅವರ ಪಾದ ಒತ್ತುತ್ತಿತ್ತು. ಅವರು ಆ ಕೈಯನ್ನು ಹಿಡಿದು ಮೆಲ್ಲಗೆ ಬಿಡಿಸಿ, ಅವನ ಮಡಿಲಿನಲ್ಲೇ ಇಟ್ಟು ಹೇಳಿದರು:

"ನಿನ್ನ ಮನೆಯ ಗಾಳಿಗೆ ಅಡ್ಡ ಕಟ್ಟಿರುವ ಹಾರ ನಾನೇ, ಬಂಡೆಪ್ಪಾ. ಕಿತ್ತಿಟ್ಟು ಮನೆಗೆ ನಡೆ."